ಏಕವಚನದ ಹಠ: ಆರಂಭಿಕ ಕ್ವೇಕರ್ ಕರಪತ್ರಗಳಲ್ಲಿ ಸರ್ವನಾಮದ ವಿವಾದ

‘ಅವರು ನನ್ನನ್ನು ಏಕವಚನದಲ್ಲಿ ಮಾತನಾಡಿಸಿದರು’ ಎಂದು ಕನ್ನಡಿಗರೊಬ್ಬರು ಹೇಳಿದರೆ ಅದು ವ್ಯಾಕರಣದ ವಿವರಣೆಯಲ್ಲ, ದೂರು. ಸಂಖ್ಯೆಯನ್ನು ಸೂಚಿಸಲು ಹುಟ್ಟಿದ ಪಾರಿಭಾಷಿಕ ಪದವೇ ಇಲ್ಲಿ ಮರ್ಯಾದೆಯ ಅಳತೆಗೋಲಾಗಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಅಳತೆಗೋಲನ್ನೇ ಮುರಿಯಲು ಹೊರಟ ಒಂದು ಧಾರ್ಮಿಕ ಸಮುದಾಯವಿತ್ತು. ತಮ್ಮನ್ನು ‘ಮಿತ್ರರು’ ಎಂದು ಕರೆದುಕೊಂಡ, ಇತರರು ‘ಕ್ವೇಕರರು’ ಎಂದು ಹಂಗಿಸಿದ ಈ ಜನ ದೊರೆ, ನ್ಯಾಯಾಧೀಶ, ತಂದೆ ಎಂಬ ಭೇದವಿಲ್ಲದೆ ಎಲ್ಲರನ್ನೂ ‘ದೌ’ ಎಂದು, ಅಂದರೆ ‘ನೀನು’ ಎಂದು, ಸಂಬೋಧಿಸಿದರು. ಅವರ ಕರಪತ್ರಗಳು ಈ ನಡೆಯನ್ನು ಹೇಗೆ ಸಮರ್ಥಿಸಿಕೊಂಡವು, ಆ ಸಮರ್ಥನೆ ಎಲ್ಲಿ ಎಡವಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಮೊದಲು ಈ ಕರಪತ್ರಗಳು ಹುಟ್ಟಿದ ಸನ್ನಿವೇಶವನ್ನು ಗಮನಿಸಬೇಕು. 1641ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯ ರದ್ದಾದೊಡನೆ ಮುದ್ರಣದ ಮೇಲಿನ ಹಿಡಿತ ಸಡಿಲಗೊಂಡಿತು. ಲಂಡನ್ನಿನ ಪುಸ್ತಕವ್ಯಾಪಾರಿ ಜಾರ್ಜ್ ಥಾಮಸನ್ 1640ರಿಂದ 1661ರವರೆಗೆ ಸಂಗ್ರಹಿಸಿದ ಮುದ್ರಿತ ಸಾಮಗ್ರಿಯೇ ಸುಮಾರು 22,000ದಷ್ಟಿದೆ. ಈ ಪ್ರವಾಹಕ್ಕೆ ಕ್ವೇಕರರೂ ಇಳಿದರು. ಲೆಸ್ಟರ್‌ಷೈರಿನ ನೇಕಾರನ ಮಗ ಜಾರ್ಜ್ ಫಾಕ್ಸ್ (1624–1691) 1652ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಅನುಯಾಯಿಗಳನ್ನು ಸಂಘಟಿಸಿದ ಮೇಲೆ ಕರಪತ್ರಗಳು ಒಂದರ ಹಿಂದೊಂದು ಹೊರಬಂದವು; ಅವುಗಳಲ್ಲಿ ಹಲವನ್ನು ಲಂಡನ್ನಿನ ಪ್ರಕಾಶಕ ಗೈಲ್ಸ್ ಕ್ಯಾಲ್ವರ್ಟ್ ಪ್ರಕಟಿಸಿದನು. ವಿರೋಧಿಗಳೂ ಸುಮ್ಮನಿರಲಿಲ್ಲ. 1655ರಲ್ಲಿ ವಿಲಿಯಂ ಪ್ರಿನ್, ಕ್ವೇಕರರು ಮುಸುಕು ಹಾಕಿಕೊಂಡ ಕ್ಯಾಥೊಲಿಕ್ ಗೂಢಚಾರರೆಂದು ಆರೋಪಿಸಿದನು. 1656ರಲ್ಲಿ ಜಾನ್ ಬನಿಯನ್ ತನ್ನ ಮೊದಲ ಕೃತಿಯನ್ನು ಅವರ ಖಂಡನೆಗೇ ಮೀಸಲಿಟ್ಟನು. ಅದೇ ವರ್ಷ ಎಡ್ವರ್ಡ್ ಬರೋ ಅದಕ್ಕೆ ಉತ್ತರ ಬರೆದನು. 1659ರ ಹೊತ್ತಿಗೆ ಫಾಕ್ಸ್, ನೂರಕ್ಕೂ ಮಿಕ್ಕ ವಿರೋಧಿ ಬರಹಗಳನ್ನು ಒಂದೇ ಬೃಹತ್ ಗ್ರಂಥದಲ್ಲಿ ಎದುರಿಸಬೇಕಾಯಿತು. ಈ ವಾಗ್ವಾದದ ಮುಖ್ಯ ವಿಷಯ ಒಳಬೆಳಕು, ಬೈಬಲ್, ಪುರೋಹಿತರ ಸಂಬಳ. ಆದರೆ ದಿನನಿತ್ಯದ ಬದುಕಿನಲ್ಲಿ ಕಿಡಿ ಹಾರಿಸಿದ್ದು ಸರ್ವನಾಮ.

ಇದಕ್ಕೆ ಕಾರಣ ಅಂದಿನ ಇಂಗ್ಲಿಷಿನ ಸ್ಥಿತಿಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ದೌ’ ಒಬ್ಬರಿಗೆ, ‘ಯೀ’ ಹಲವರಿಗೆ ಎಂಬ ಭೇದ ಶುದ್ಧವಾಗಿ ಸಂಖ್ಯೆಯದಾಗಿತ್ತು. ಮುಂದೆ ಫ್ರೆಂಚ್ ಪ್ರಭಾವದಿಂದ ಬಹುವಚನ ರೂಪವು ಗೌರವಾರ್ಥದಲ್ಲಿ ಒಬ್ಬರಿಗೂ ಬಳಕೆಯಾಗತೊಡಗಿ, ‘ಯೂ’ ಎಂಬ ರೂಪದಲ್ಲಿ ಸಾಮಾನ್ಯ ಸಂಬೋಧನೆಯಾಗಿ ಹರಡಿತು. 1653ರ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಜಾನ್ ವಾಲಿಸ್, ಒಬ್ಬನನ್ನು ಏಕವಚನದಲ್ಲಿ ಕರೆಯುವುದು ತಿರಸ್ಕಾರದ ಅಥವಾ ಸಲಿಗೆಯ ಗುರುತೆಂದು ದಾಖಲಿಸಿದನು. ಎರಡು ವರ್ಷಗಳ ನಂತರ ಚರ್ಚಿನ ಇತಿಹಾಸಕಾರ ಥಾಮಸ್ ಫುಲ್ಲರ್ ಅದನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದನು: ಮೇಲಿನವರು ಕೆಳಗಿನವರಿಗೆ ಹೇಳಿದರೆ ಅದು ಆಜ್ಞೆ, ಸಮಾನರ ನಡುವೆ ಸಲಿಗೆ, ಕೆಳಗಿನವರು ಮೇಲಿನವರಿಗೆ ಅರಿಯದೆ ಹೇಳಿದರೆ ಒರಟುತನ, ಬೇಕೆಂದೇ ಹೇಳಿದರೆ ಧಿಕ್ಕಾರ. ಈ ಪಟ್ಟಿಯಲ್ಲಿ ‘ಸಂಖ್ಯೆ’ ಎಂಬ ಅರ್ಥಕ್ಕೆ ಜಾಗವೇ ಇಲ್ಲವೆಂಬುದು ಗಮನಾರ್ಹ.

ಕ್ವೇಕರ್ ಲೇಖಕರು ಹಿಡಿದದ್ದು ಸರಿಯಾಗಿ ಈ ಕಾಣೆಯಾದ ಅರ್ಥವನ್ನು. 1655ರಲ್ಲಿ ರಿಚರ್ಡ್ ಫಾರ್ನ್‌ವರ್ತ್ ಏಕವಚನದ ಬಳಕೆಯನ್ನು ಸತ್ಯದ ಪರಿಶುದ್ಧ ಭಾಷೆಯೆಂದು ಪ್ರತಿಪಾದಿಸಿದನು. ಇಂತಹ ಬರಹಗಳಲ್ಲಿ ಮೂರು ವಾದಗಳು ಮತ್ತೆ ಮತ್ತೆ ಕಾಣುತ್ತವೆ. ಒಬ್ಬನನ್ನು ಹಲವರೆಂಬಂತೆ ಕರೆಯುವುದು ಸುಳ್ಳು ಎಂಬುದು ಮೊದಲನೆಯದು. ಬೈಬಲ್ಲಿನ ಭಾಷೆ ಒಬ್ಬನಿಗೆ ಏಕವಚನವನ್ನೇ ಬಳಸುತ್ತದೆ, ಪ್ರಾರ್ಥನೆಯಲ್ಲಿ ದೇವರನ್ನೇ ‘ನೀನು’ ಎನ್ನುವ ಮನುಷ್ಯ ತನ್ನನ್ನು ಹಾಗೆ ಕರೆದರೆ ಏಕೆ ಸಿಡಿಮಿಡಿಗೊಳ್ಳಬೇಕು ಎಂಬುದು ಎರಡನೆಯದು. ಗೌರವ ಬಹುವಚನವು ಚಕ್ರವರ್ತಿಗಳ, ಪೋಪರ ಅಹಂಕಾರವನ್ನು ತಣಿಸಲು ಹುಟ್ಟಿದ ಮುಖಸ್ತುತಿ ಎಂಬುದು ಮೂರನೆಯದು. 1669ರಲ್ಲಿ ವಿಲಿಯಂ ಪೆನ್ ಲಂಡನ್ ಗೋಪುರದ ಸೆರೆಯಲ್ಲಿದ್ದುಕೊಂಡು ಬರೆದ ‘ನೋ ಕ್ರಾಸ್, ನೋ ಕ್ರೌನ್’ ಕೂಡ ಈ ವಾದವನ್ನು ಮುಂದುವರಿಸಿತು. ಟೋಪಿ ತೆಗೆಯದಿರುವುದು, ಬಿರುದುಗಳನ್ನು ಬಳಸದಿರುವುದು ಇದೇ ನಿಲುವಿನ ಇತರ ಮುಖಗಳು.

ಈ ವಾದದ ಅತ್ಯಂತ ವಿಶಿಷ್ಟ ರೂಪ 1660ರಲ್ಲಿ ಪ್ರಕಟವಾದ ‘ಎ ಬ್ಯಾಟಲ್-ಡೋರ್’. ಮಕ್ಕಳು ಅಕ್ಷರ ಕಲಿಯುವ ಹಿಡಿಹಲಗೆಯ ಹೆಸರನ್ನೇ ಇಟ್ಟುಕೊಂಡ ಈ ದೊಡ್ಡ ಗ್ರಂಥದ ಹಲವು ಪುಟಗಳಿಗೆ ಅದೇ ಹಲಗೆಯ ಆಕಾರದ ಚೌಕಟ್ಟಿದೆ. ಬೋಧಕರೂ ಪಂಡಿತರೂ ಏಕವಚನ ಬಹುವಚನಗಳನ್ನು ಮೊದಲಿನಿಂದ ಕಲಿಯಲಿ ಎಂಬ ಅಣಕ ಅದರ ಶೀರ್ಷಿಕೆಯಲ್ಲಿಯೇ ಇದೆ. ಪುಸ್ತಕಕ್ಕೆ ಫಾಕ್ಸ್‌ನ ಹೆಸರಿದ್ದರೂ ಭಾಷಾಸಾಮಗ್ರಿಯನ್ನು ಒದಗಿಸಿದವರು ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ. ಫರ್ಲಿ ರಾಟರ್‌ಡ್ಯಾಮಿನಲ್ಲಿ ನೆಲೆಸಿದ ವರ್ತಕ. ಮುಂದೆ ದಾರ್ಶನಿಕ ಜಾನ್ ಲಾಕ್ ಅವನ ಮನೆಯಲ್ಲಿ ಅತಿಥಿಯಾಗಿದ್ದನು. ಲ್ಯಾಟಿನ್, ಗ್ರೀಕ್, ಹೀಬ್ರೂ, ಸಿರಿಯಾಕ್, ಅರಬ್ಬೀ, ಇಟಾಲಿಯನ್ ಮೊದಲಾದ ಹತ್ತಾರು ಭಾಷೆಗಳಿಂದ ಉದಾಹರಣೆ ತೆಗೆದು, ಒಬ್ಬನಿಗೂ ಹಲವರಿಗೂ ಬೇರೆ ಬೇರೆ ರೂಪಗಳಿವೆಯೆಂದು ಅದು ತೋರಿಸುತ್ತದೆ. ಗ್ರಂಥದ ಪ್ರತಿಗಳನ್ನು ದೊರೆಗೂ ಬಿಷಪ್ಪರಿಗೂ ಎರಡು ವಿಶ್ವವಿದ್ಯಾಲಯಗಳಿಗೂ ಕೊಡಲಾಯಿತೆಂದೂ, ಇದು ಎಲ್ಲ ದೇಶಗಳ ಸಹಜ ಭಾಷೆಯೆಂದು ದೊರೆ ಒಪ್ಪಿದನೆಂದೂ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಿಗೆ ಮಾತೇ ಹೊರಡಲಿಲ್ಲವೆಂದೂ ಫಾಕ್ಸ್ ತನ್ನ ದಿನಚರಿಯಲ್ಲಿ ಹೇಳಿಕೊಂಡಿದ್ದಾನೆ. ಇದು ಒಂದು ಪಕ್ಷದ ಹೇಳಿಕೆಯೆಂಬುದನ್ನು ಮರೆಯುವಂತಿಲ್ಲ.

ಭಾಷಾವಿಜ್ಞಾನದ ದೃಷ್ಟಿಯಿಂದ ಈ ಗ್ರಂಥದ ದೋಷ ಸ್ಪಷ್ಟ: ಅದು ರೂಪಾವಳಿಯನ್ನು ಬಳಕೆಯೆಂದು ಭಾವಿಸಿತು. ಫ್ರೆಂಚಿನಲ್ಲಿ ಏಕವಚನದ ರೂಪವಿದೆ, ನಿಜ. ಆದರೆ ಗೌರವಾರ್ಹನಾದ ಒಬ್ಬನಿಗೆ ಬಹುವಚನ ಬಳಸುವ ಪದ್ಧತಿಯೂ ಅಲ್ಲಿಯೇ ಬೇರೂರಿತ್ತು. ಕನ್ನಡದ ‘ನೀನು–ನೀವು’ ರೂಪಾವಳಿಯೂ ಸಂಖ್ಯೆಯದೇ. ಹಾಗೆಂದು ಅಪರಿಚಿತ ಹಿರಿಯರೊಬ್ಬರಿಗೆ ‘ನೀನು’ ಎಂದವನನ್ನು ವ್ಯಾಕರಣ ರಕ್ಷಿಸದು. 1960ರಲ್ಲಿ, ಈ ಗ್ರಂಥ ಪ್ರಕಟವಾದ ಸರಿಯಾಗಿ 300 ವರ್ಷಗಳ ಬಳಿಕ, ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಇಂತಹ ಸರ್ವನಾಮಗಳನ್ನು ‘ಅಧಿಕಾರ’ ಮತ್ತು ‘ಆಪ್ತತೆ’ ಎಂಬ ಎರಡು ಅಕ್ಷಗಳ ಮೇಲೆ ವಿವರಿಸಿದರು. ಕ್ವೇಕರರು ಈ ಎರಡನ್ನೂ ಒಪ್ಪದೆ ಮೂರನೆಯ ಅರ್ಥವೊಂದನ್ನು ಉದ್ದೇಶಿಸಿದರು. ಕೇಳುಗರಿಗೆ ಮಾತ್ರ ಮೊದಲಿನ ಎರಡೇ ಕೇಳಿಸಿದವು.

ಇದರ ಬೆಲೆಯನ್ನು ಥಾಮಸ್ ಎಲ್‌ವುಡ್‌ನ ಆತ್ಮಕಥೆ ತಿಳಿಸುತ್ತದೆ. ಮುಂದೆ ಕುರುಡ ಕವಿ ಮಿಲ್ಟನ್ನನಿಗೆ ಪುಸ್ತಕ ಓದಿ ಹೇಳಿದ ಈ ತರುಣ, ತಂದೆಯ ಮುಂದೆ ಟೋಪಿ ತೆಗೆಯದೆ ‘ನೀನು’ ಎಂದಾಗ ಏಟು ತಿಂದನು. ಮತ್ತೊಮ್ಮೆ ಹಾಗೆಂದರೆ ಹಲ್ಲು ಉದುರಿಸುವುದಾಗಿ ತಂದೆ ಬೆದರಿಸಿದನು. ಮಗನ ಪಾಲಿಗೆ ಅದು ಸತ್ಯನಿಷ್ಠೆ, ತಂದೆಯ ಪಾಲಿಗೆ ಅವಮಾನ. ಈ ಘಟನೆಯಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಒಂದೇ ಪದ ಎರಡು ವ್ಯವಸ್ಥೆಗಳಿಗೆ ಸೇರಿತ್ತು.

1662ರ ಶಾಸನಗಳು ಕ್ವೇಕರ್ ಸಭೆಗಳನ್ನೂ ಪರವಾನಗಿಯಿಲ್ಲದ ಮುದ್ರಣವನ್ನೂ ನಿರ್ಬಂಧಿಸಿದವು. 1673ರಿಂದ ಸಮುದಾಯವೇ ತನ್ನ ಲೇಖಕರ ಹಸ್ತಪ್ರತಿಗಳನ್ನು ಪರಿಶೀಲಿಸತೊಡಗಿ, ಕರಪತ್ರಗಳ ಧ್ವನಿ ತಗ್ಗಿತು. ಸರ್ವನಾಮದ ಗತಿಯೂ ಬದಲಾಯಿತು. ಶಿಷ್ಟ ಇಂಗ್ಲಿಷಿನಿಂದ ‘ದೌ’ ಮರೆಯಾದಂತೆ, ಎಲ್ಲರಿಗೂ ಸಮಾನವಾಗಿ ಸಲ್ಲಬೇಕೆಂದು ಹಟ ಹಿಡಿದ ಪದ ಕ್ವೇಕರರ ಮನೆಮಾತಿನ ಗುರುತಾಗಿ, ಒಳಗಿನವರನ್ನು ಹೊರಗಿನವರಿಂದ ಬೇರ್ಪಡಿಸಿತು. ಅವರ ಬಾಯಲ್ಲಿಯೇ ಕರ್ಮರೂಪವಾದ ‘ದೀ’ ಕರ್ತೃಸ್ಥಾನಕ್ಕೆ ಬಂದು ಪ್ರಥಮಪುರುಷದ ಕ್ರಿಯಾಪದದೊಡನೆ ಸೇರಿತು. ವ್ಯಾಕರಣದ ಹೆಸರಿನಲ್ಲಿ ಹೋರಾಡಿದವರ ಮಕ್ಕಳು ಆ ವ್ಯಾಕರಣವನ್ನೇ ಮೀರಿದ್ದರು.

ಹಾಗಾದರೆ ಅವರು ಸೋತರೇ? ಇಂದಿನ ಇಂಗ್ಲಿಷಿನಲ್ಲಿ ದೊರೆಗೂ ಆಳಿಗೂ ಸರ್ವನಾಮ ಒಂದೇ. ಕ್ವೇಕರರು ಬಯಸಿದ ಸಮಾನತೆ ಅವರು ಬಯಸಿದ ಪದದಿಂದ ಬರಲಿಲ್ಲ. ಎಲ್ಲರನ್ನೂ ‘ನೀನು’ವಿಗೆ ಇಳಿಸುವ ಬದಲು ಭಾಷೆ ಎಲ್ಲರನ್ನೂ ‘ನೀವು’ವಿಗೆ ಏರಿಸಿತು. ಆ ಬದಲಾವಣೆಯನ್ನು ತಂದದ್ದು ಕರಪತ್ರಗಳಲ್ಲ. ಆದರೆ ನಿತ್ಯದ ಒಂದು ಸರ್ವನಾಮದಲ್ಲಿ ಇಡೀ ಸಾಮಾಜಿಕ ಶ್ರೇಣಿ ಅಡಗಿದೆಯೆಂಬುದನ್ನು ಆ ಕಾಲದ ವ್ಯಾಕರಣಕಾರರಿಗಿಂತ ಬಲವಾಗಿ, ಏಟು ತಿಂದು, ತೋರಿಸಿಕೊಟ್ಟವರು ಅವುಗಳ ಲೇಖಕರು ಮತ್ತು ಓದುಗರು. ಏಕವಚನವೆಂಬ ಮಾತನ್ನು ಇಂದಿಗೂ ದೂರಿನಂತೆ ಬಳಸುವ ನಮಗೆ ಆ ಪಾಠ ಹಳೆಯದೆನಿಸಬೇಕಿಲ್ಲ.