ಮುಯ್ಯಿ ಎಂಬ ಲೆಕ್ಕ

ಮುಯ್ಯಿ ಎಂದರೆ ಪಡೆದದ್ದಕ್ಕೆ ಪ್ರತಿಯಾಗಿ ಸಲ್ಲಿಸುವುದು. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಹೋಬಳಿ ಊರುಗಳಲ್ಲಿ ಈ ಮಾತು ಹೊಲದ ಕೆಲಸಕ್ಕೂ ಒದಗುತ್ತದೆ, ಮದುವೆಯ ಉಡುಗೊರೆಗೂ ಒದಗುತ್ತದೆ, ಹಗೆಗೂ ಒದಗುತ್ತದೆ. ಮದುವೆಯ ಮುಯ್ಯಿಗೆ ಉತ್ತರ ಕರ್ನಾಟಕದವರು ಆಯೇರಿ ಎನ್ನುತ್ತಾರೆ. ತಮಿಳಿನಲ್ಲಿ ಅದು ಮೊಯ್.

ಹೊಲದ ಮುಯ್ಯಿಗೆ ಮುಯ್ಯಾಳು ಎಂದು ಹೆಸರು. ನಾಟಿ, ಕಳೆ, ಕೊಯ್ಲು ಊರಿಗೆಲ್ಲ ಒಟ್ಟಿಗೇ ಬಂದೊದಗುವ ಕೆಲಸಗಳು. ಹದ ತಪ್ಪುವುದರೊಳಗೆ ಕೆಲಸ ಮುಗಿಯಬೇಕು. ಸಣ್ಣ ರೈತನ ಮನೆಯಲ್ಲಿ ಅಷ್ಟು ಜನವೂ ಇರುವುದಿಲ್ಲ, ಕೂಲಿಗೆ ಕಾಸೂ ಇರುವುದಿಲ್ಲ. ಆಗ ಇವತ್ತು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು. ಆಳಿಗೆ ಆಳು, ದಿನಕ್ಕೆ ದಿನ. ಕೆಲಸ ಮಾಡಿಸಿಕೊಂಡ ಮನೆಯವರು ಮಧ್ಯಾಹ್ನದ ಮುದ್ದೆ-ಸಾರು ನೋಡಿಕೊಳ್ಳುತ್ತಾರೆ. ಬರಲಾಗದವರು ಮನೆಯ ಇನ್ನೊಬ್ಬರನ್ನು ಕಳಿಸುತ್ತಾರೆ. ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಆದರೂ ಯಾರ ಮನೆಯವರು ಎಷ್ಟು ದಿನ ಬಂದು ಕಳೆ ಕಿತ್ತರು ಎಂಬುದು ಮರೆಯುವುದಿಲ್ಲ. ಬಾಕಿ ಉಳಿಸಿಕೊಂಡವರಿಗೆ ಮುಂದಿನ ಹಂಗಾಮಿನಲ್ಲಿ ಕರೆದರೂ ಜನ ಸಿಗುವುದು ಕಷ್ಟ. ಬಾಯಿಮಾತಿನ ಮೇಲೆ ಬದುಕು ನಡೆಸುವುದನ್ನು ಊರಿನ ಮಕ್ಕಳು ಕಲಿಯುವುದು ಹೀಗೆ.

ಮದುವೆಯಲ್ಲಿ ಮಾತ್ರ ಲೆಕ್ಕ ಪುಸ್ತಕಕ್ಕೆ ಬರುತ್ತದೆ. ಚಪ್ಪರದ ಒಂದು ಬದಿಗೆ ಚಾಪೆ ಹಾಸಿ, ಅಕ್ಷರ ಚೆನ್ನಾಗಿರುವ ಒಬ್ಬರನ್ನು ಕೂರಿಸುತ್ತಾರೆ. ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅರಿಶಿನ-ಕುಂಕುಮ. ಬಂದವರು ಹಣ ಕೊಟ್ಟು ಊರು, ಹೆಸರು ಹೇಳುತ್ತಾರೆ. ಬರೆಯುವವರ ಪಕ್ಕದಲ್ಲಿರುವವರು ಅದನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ಅದಕ್ಕೇ ಇದು ಮುಯ್ಯಿ ಓದಿಸುವುದು. ಐವತ್ತೊಂದು, ನೂರಾಒಂದು ಎಂದು ಮೇಲೊಂದು ರೂಪಾಯಿ ಸೇರಿಸುವುದು ರೂಢಿ. ಪಾತ್ರೆ ಕೊಡುವವರು ಹೆಸರು ಕೊರೆಸಿಯೇ ತರುತ್ತಾರೆ. ಮದುವೆ ಮುಗಿದ ಮೇಲೆ ಪುಸ್ತಕ ಪೆಟ್ಟಿಗೆ ಸೇರುತ್ತದೆ. ವರ್ಷಗಳ ನಂತರ ಇನ್ನೊಂದು ಮನೆಯ ಲಗ್ನಪತ್ರಿಕೆ ಬಂದಾಗ ಅದನ್ನು ತೆಗೆದು, ಅವರು ಎಷ್ಟು ಓದಿಸಿದ್ದರು ಎಂದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಓದಿಸಬೇಕು. ಆ ಸೇರಿಸಿದ ಪಾಲಿನಿಂದಲೇ ನಂಟು ಮುಂದುವರಿಯುವುದು. ಪೈಸೆಗೆ ಪೈಸೆ ಸರಿಮಾಡಿದರೆ ಲೆಕ್ಕ ಮುಗಿಸಲು ಬಂದವರಂತೆ ಕಾಣುತ್ತದೆ. ಮದುವೆಯ ಖರ್ಚು ಹೊರಲಾಗದ ಮನೆಗೆ ಈ ಹಣ ದೊಡ್ಡ ಆಸರೆ. ಬಡ್ಡಿಯಿಲ್ಲದೆ, ಪತ್ರವಿಲ್ಲದೆ ಸಿಗುವ ಸಾಲ ಊರಿನಲ್ಲಿ ಬೇರೆ ಇಲ್ಲ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಂಪುರ ಎಂಬ ಹೆಸರಿಟ್ಟು ಅಲ್ಲಿನ ಬದುಕನ್ನು ಬರೆದರು. 1970ರಲ್ಲಿ ಅವರ ಟಿಪ್ಪಣಿಗಳು ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದವು. 1976ರಲ್ಲಿ ಹೊರಬಂದ ಪುಸ್ತಕದ ಬಹುಭಾಗವನ್ನು ನೆನಪಿನಿಂದಲೇ ಬರೆಯಬೇಕಾಯಿತು. ಆ ಊರಿನ ಸಂಬಂಧಗಳಲ್ಲಿ ಕೊಟ್ಟು ತೀರಿಸುವ ಈ ಋಣಕ್ಕೆ ಅವರು ಮುಖ್ಯ ಸ್ಥಾನ ಕೊಟ್ಟರು.

ಉಪಕಾರದ ಮಾತೇ ಸೇಡಿಗೂ ಸಲ್ಲುವುದು ಮೇಲ್ನೋಟಕ್ಕೆ ವಿಚಿತ್ರ. ಕನ್ನಡ ಇಲ್ಲಿ ಕ್ರಿಯಾಪದದಲ್ಲೇ ಗೆರೆ ಎಳೆದಿದೆ. ಮುಯ್ಯಿ ತೀರಿಸಿದ ಎಂದರೆ ಋಣ ಸಂದಾಯವಾಯಿತು ಎಂದೂ ಆಗಬಹುದು. ಮುಯ್ಯಿ ತೀರಿಸಿಕೊಂಡ ಎಂದರೆ ಸೇಡೇ. ಮುಯ್ಯಿಗೆ ಮುಯ್ಯಿ ಎಂದಾಗಲೂ ಸಾಮಾನ್ಯವಾಗಿ ಸೇಡೇ. ಒಂದೇ ಬೀದಿಯಲ್ಲಿ, ಒಂದೇ ಕೆರೆಯ ನೀರಿನಲ್ಲಿ ತಲೆಮಾರು ಕಳೆಯುವವರಿಗೆ ಮಾಡಿದ ಒಳ್ಳೆಯದೂ ಉಳಿಯುತ್ತದೆ, ಆಡಿದ ಕೆಟ್ಟ ಮಾತೂ ಉಳಿಯುತ್ತದೆ. ಮದುವೆಗೆ ಬಾರದ ಮನೆಯ ಮದುವೆಗೆ ಹೋಗದಿರುವುದೂ ಈ ಲೆಕ್ಕದ ಒಳಗಿನದೇ. ನಾಳೆ ಅವನ ಮುಖ ನೋಡಬೇಕಲ್ಲ ಎಂಬ ಅಳುಕು ಎಷ್ಟೋ ಜಗಳಗಳನ್ನು ಕೈ ಕೈ ಮಿಲಾಯಿಸುವ ಮೊದಲೇ ತಡೆದಿದೆ.

ಮುಯ್ಯಿ ಸರೀಕರ ನಡುವಿನ ವ್ಯವಹಾರ ಎಂಬುದನ್ನು ಮಾತ್ರ ಮರೆಯಬಾರದು. ಮುಯ್ಯಾಳನ್ನು ಮರಳಿ ಪಡೆಯಲು ಸ್ವಂತ ಹೊಲ ಬೇಕು. ಹೊಲವಿಲ್ಲದ ದಲಿತರು ಅದೇ ಗದ್ದೆಯಲ್ಲಿ ಕೂಲಿಗೋ ಜೀತಕ್ಕೋ ದುಡಿದರು. ಅವರ ದಿನಕ್ಕೆ ಯಾರೂ ದಿನ ತೀರಿಸಲಿಲ್ಲ. ಊರಿನ ಒಗ್ಗಟ್ಟನ್ನು ಕೊಂಡಾಡುವಾಗ ಈ ಗಡಿಯನ್ನು ಮರೆಮಾಚುವುದು ಅನ್ಯಾಯ.

ಕೊಯ್ಲಿನ ಯಂತ್ರ, ನಗದು ಕೂಲಿ ಬಂದ ಮೇಲೆ ಮುಯ್ಯಾಳು ತೆಳುವಾಗಿದೆ. ದುಡಿಯುವ ಮಕ್ಕಳು ಬೆಂಗಳೂರು ಸೇರಿದ ಮನೆಯವರು ಮುಯ್ಯಿಗೆ ಹೋಗುವುದು ಹೇಗೆ, ಕರೆಯುವುದು ಹೇಗೆ? ಕೆಲವು ಲಗ್ನಪತ್ರಿಕೆಗಳಲ್ಲಿ ಆಶೀರ್ವಾದವೇ ಉಡುಗೊರೆ ಎಂದು ಅಚ್ಚಾಗುತ್ತದೆ. ಕಲ್ಯಾಣಮಂಟಪದಲ್ಲಿ ಕೂಗುವ ಬದಲು ಲಕೋಟೆ ಕೈಸೇರುತ್ತದೆ. ಅದರ ಮೇಲೆ ಹೆಸರು ಬರೆದಿರುವುದರಿಂದ ಮನೆಗೆ ಹೋದ ಮೇಲೆ ಪಟ್ಟಿ ಮಾಡಲು ತೊಂದರೆಯಿಲ್ಲ. ಯಂತ್ರ ಇಳಿಯದ ತುಂಡು ಹೊಲಗಳಲ್ಲಿ ಹೆಂಗಸರು ಈಗಲೂ ಒಬ್ಬರ ಕಳೆಗೆ ಒಬ್ಬರು ಹೋಗುತ್ತಾರೆ, ಅದಕ್ಕೆ ಮುಯ್ಯಿ ಎಂದೇ ಹೇಳುತ್ತಾರೆ.