ಬೊಂಬಾಯಿಯ ಬಾಡಿಗೆ, ಗುಲ್ವಾಡಿಯ ಅಕ್ಕಿ

ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿಯ ಕಟ್ಟಡಗಳಿವೆ. 1915ರಲ್ಲಿ ಹುಟ್ಟಿದ ಈ ಸಂಘಕ್ಕೆ ಏಷ್ಯಾದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂಬ ಹೆಸರು. ಕಟ್ಟಿದವರು ನಮ್ಮ ಕಡೆಯಿಂದ ಹೋದ ಚಿತ್ರಾಪುರ ಸಾರಸ್ವತರು. ಕುಂದಾಪುರದ ಬಳಿಯ ನಮ್ಮೂರು ಗುಲ್ವಾಡಿಯ ಹೆಸರೇ ಅಡ್ಡಹೆಸರಾಗಿ ಅವರಲ್ಲಿ ಧಾರಾಳ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರೂ ಅದೇ ಪೈಕಿ.

1896ರ ಪ್ಲೇಗಿನಿಂದ ಬೊಂಬಾಯಿ ತತ್ತರಿಸಿತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ಮನೆ ಎಂದು ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಟ್ರಸ್ಟು ಹಳೆಯದನ್ನು ಕೆಡವಿತು, ಹೊಸ ಬಡಾವಣೆಗಳನ್ನೂ ಎಬ್ಬಿಸಿತು. ಆದರೆ ಗುಮಾಸ್ತನ ಸಂಬಳಕ್ಕೆ ಒಗ್ಗುವ ಮನೆ ಸಿಗಬೇಕಲ್ಲ! ಆಗ ಶ್ರೀಪಾದ ಸುಬ್ಬರಾವ್ ತಲ್ಮಕಿ ಎಂಬ ವಕೀಲರು ದಾರಿ ಹುಡುಕಿದರು. 1906ರಲ್ಲೇ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕು ತೆರೆದವರು ಅವರು. ಇಂಗ್ಲೆಂಡಿನಲ್ಲಿ ಬಾಡಿಗೆದಾರರೇ ಸೇರಿ ಮನೆಯ ಒಡೆಯರಾಗುವ ಕ್ರಮವೊಂದಿತ್ತು. ಅದನ್ನು ಗಾಮದೇವಿಗೆ ತಂದರು. ಸದಸ್ಯ ಪಾಲು ಕಟ್ಟಬೇಕು, ತಿಂಗಳು ತಿಂಗಳು ಬಾಡಿಗೆಯನ್ನೂ ಕೊಡಬೇಕು. ಮನೆ ಸಂಘದ್ದು, ಸಂಘ ಸದಸ್ಯರದ್ದು. ನಡುವೆ ಲಾಭ ತಿನ್ನುವ ಮಾಲೀಕ ಇಲ್ಲ. ತಾಡದೇವಿನ ತಲ್ಮಕಿವಾಡಿಗೆ ಅವರ ಹೆಸರೇ ಇದೆ.

ಆದರೆ ಆ ಬಾಗಿಲು ಸಾರಸ್ವತರಿಗೆ ಮಾತ್ರ. ಗ್ಲಾಸು ತೊಳೆಯಲು ಹೋದ ನನ್ನ ಅಪ್ಪಯ್ಯನಂಥವರಿಗಲ್ಲ. ಹಿರಿಯರು ನೆನಪಿಸಿಕೊಳ್ಳುವಾಗ ಇದನ್ನು ಬಿಟ್ಟುಬಿಡುತ್ತಾರೆ, ನಾನು ಬಿಡುವುದಿಲ್ಲ. ಗುಲ್ವಾಡಿಯಲ್ಲಿ ಗೇಣಿ ಬರುವ ಮನೆಯ ಮಗ ಮತ್ತು ಗೇಣಿ ಕೊಡುವ ಮನೆಯ ಮಗ ಇಬ್ಬರೂ ಬೊಂಬಾಯಿಗೇ ಹೋದರು. ಒಬ್ಬನಿಗೆ ಸಂಘದ ಮನೆ, ಇನ್ನೊಬ್ಬನಿಗೆ ಹೋಟೆಲಿನ ಬೆಂಚು.

ಅಪ್ಪಯ್ಯ ಹೋಗಿದ್ದು ಕೋಟೆ ಪ್ರದೇಶದ ಹೋಟೆಲಿಗೆ, ಮೀಸೆ ಬರುವ ಮೊದಲೇ. ರಾತ್ರಿ ಗಿರಾಕಿಗಳು ಹೋದ ಮೇಲೆ ನೆಲ ತೊಳೆದು, ಮೇಜು ಕೂಡಿಸಿ, ಅದರ ಮೇಲೇ ಚಾಪೆ. ಟ್ರಂಕು ಅಟ್ಟದಲ್ಲಿ. ಸಂಜೆ ಬಿಡುವಾದವರು ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಊಟ, ವಸತಿ ಧಣಿಯದ್ದು; ಹಾಗಾಗಿ ಸಂಬಳ ಕಡಿಮೆ, ಆದರೆ ಕೈಗೆ ಬಂದದ್ದು ಪೂರ್ತಿ ಉಳಿತಾಯ. ಮನೆ ಮಾಡಬಾರದಿತ್ತೇ ಎಂದು ನಾನು ಕೇಳಿದ್ದಿದೆ. “ಬೊಂಬಾಯಂಗ್ ಮನಿ ಮಾಡುದ್ ಅಂದ್ರೆ ನಮ್ಮಂತರಿಗ್ ಆಪ್ ಕೆಲ್ಸ ಅಲ್ಲ ಮಗಾ” ಎಂದು ನಕ್ಕುಬಿಡುತ್ತಿದ್ದರು.

ಏಕೆ ಆಗುತ್ತಿರಲಿಲ್ಲ ಎಂಬುದು ನನಗೆ ಮಾಸ್ತರಿಕೆಗೆ ಸೇರಿದ ಮೇಲೆ, ಪುಸ್ತಕ ಓದಿ ತಿಳಿಯಿತು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರು ಬದುಕಿದರು. ಬಾಡಿಗೆ ಹುಟ್ಟದ ಮೇಲೆ ಬಾಡಿಗೆಗೆಂದೇ ಹೊಸದು ಕಟ್ಟುವವರು ಯಾರು? ಖಾಲಿಯಾದ ಕೋಣೆಗೆ ಪಗಡಿ ಬೇಕಿತ್ತು, ಅಂದರೆ ರಸೀದಿ ಇಲ್ಲದೆ ಒಮ್ಮೆಲೇ ಎಣಿಸುವ ದುಡ್ಡು. ಕಾಗದದ ಮೇಲೆ ಬೊಂಬಾಯಿಯ ಬಾಡಿಗೆ ಅಗ್ಗವಿತ್ತು; ಹೊಸಬನಿಗೆ ಮಾತ್ರ ಹೊಸ್ತಿಲು ದಾಟುವುದೇ ದುಬಾರಿಯಾಗಿತ್ತು.

ದೊಡ್ಡಪ್ಪ ಹೋದದ್ದು ಬೆಂಗಳೂರಿಗೆ. ಪಕ್ಕದ ಕೋಟ, ಸಾಲಿಗ್ರಾಮ, ಪಾರಂಪಳ್ಳಿಯವರು ಅಲ್ಲಿ ಮೊದಲೇ ಬೇರೂರಿದ್ದರು. ಪಾರಂಪಳ್ಳಿಯ ಮಯ್ಯರು 1924ರಲ್ಲಿ ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಬೆಂಗಳೂರಲ್ಲಿ ವಠಾರಗಳಿದ್ದವು. ಸಾಲು ಮನೆ, ನಡುವೆ ಒಂದು ನಲ್ಲಿ, ಕೊನೆಯಲ್ಲಿ ಎಲ್ಲರಿಗೂ ಸೇರಿ ಪಾಯಿಖಾನೆ. ಆದರೂ ಸಪ್ಲಾಯರ್ ಕೆಲಸದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದಿತ್ತು. ದೊಡ್ಡಮ್ಮ ಹೋದರು, ಮಕ್ಕಳು ಅಲ್ಲೇ ಶಾಲೆ ಕಲಿತರು.

ಫಲ ಗುಲ್ವಾಡಿಯಲ್ಲಿ ಕಾಣಿಸಿತು. ಅಪ್ಪಯ್ಯನ ಮನಿಯಾರ್ಡರ್ ತಪ್ಪದೆ ಬರುತ್ತಿತ್ತು. ದೊಡ್ಡಪ್ಪನಿಂದ ಹಬ್ಬಕ್ಕೊಂದು ಕಾಗದ ಬಂದರೆ ದೊಡ್ಡದು. ಊರಲ್ಲಿ ಅಪ್ಪಯ್ಯ ಒಳ್ಳೆಯ ಮಗ, ದೊಡ್ಡಪ್ಪ ಊರು ಮರೆತವನು. ನನಗೆ ಈಗ ಅನಿಸುವುದೇ ಬೇರೆ. ದೊಡ್ಡಪ್ಪನ ಸಂಬಳ ಒಂದು ಸಂಸಾರವನ್ನು ಹೊತ್ತಿತ್ತು. ಅಪ್ಪಯ್ಯನ ಸಂಸಾರವನ್ನು ಹೊತ್ತದ್ದು ವಾರಾಹಿ ಹೊಳೆ ಬದಿಯ ನಮ್ಮ ಮನೆ. ಅಮ್ಮನ ನಾಟಿ, ಅಜ್ಜಿಯ ಕಾಯಿಲೆ, ನಮ್ಮ ಬಾಣಂತನಗಳು, ಯಾವುದೂ ಬೊಂಬಾಯಿಯ ಲೆಕ್ಕಕ್ಕೆ ಬರಲಿಲ್ಲ. ಹೋಟೆಲಿನ ಚಹಾ ಅಗ್ಗವಾಗಿದ್ದರೆ ಅದರಲ್ಲಿ ಗುಲ್ವಾಡಿಯ ಪಾಲೂ ಇತ್ತು.

ಇನ್ನು ಆ ಮನೆಯಾದರೂ ಬಿಟ್ಟಿಯೇ? ನಮ್ಮದು ಚಾಲಗೇಣಿ. ಮೂಲಗೇಣಿಯವರಿಗೆ ಕಾಯಂ ಹಕ್ಕು, ಚಾಲಗೇಣಿಯವರನ್ನು ಒಡೆಯರು ಬೇಡವೆಂದರೆ ಎಬ್ಬಿಸಬಹುದಿತ್ತು. ಬಾಡಿಗೆ ಎಂಬ ಮಾತಿಲ್ಲ, ಆದರೆ ಕೊಯ್ಲು ಮುಗಿದ ಕೂಡಲೇ ಮುಡಿ ಕಟ್ಟಿ ಗೇಣಿ ಅಕ್ಕಿ ಅಳೆಯಲೇಬೇಕು. ಬೆಳೆ ಕಡಿಮೆಯಾದ ವರ್ಷ ಮನಿಯಾರ್ಡರ್ ದುಡ್ಡಿನಲ್ಲಿ ಅಕ್ಕಿ ಕೊಂಡು ಗೇಣಿ ಕೊಟ್ಟದ್ದುಂಟು. ಬೊಂಬಾಯಿಯಲ್ಲಿ ಬಾಡಿಗೆ ಉಳಿಸಿ ಅಪ್ಪಯ್ಯ ಕಳಿಸಿದ್ದು ಗುಲ್ವಾಡಿಯ ಒಡೆಯರ ಕಣಜಕ್ಕೆ ಹೋಯಿತು.

ಅದು ನಿಂತದ್ದು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿಯಿಂದ. ಗೇಣಿ ನೆಲದ ಹಕ್ಕಿಗಾಗಿ ಡಿಕ್ಲರೇಶನ್ ಹಾಕಲು ಅಮ್ಮನೇ ಕುಂದಾಪುರಕ್ಕೆ ಓಡಾಡಿದರು. ಅಪ್ಪಯ್ಯನಿಗೆ ರಜೆ ಸಿಗಲಿಲ್ಲ. ಮನೆಯಡಿ ನಮ್ಮದೆಂದು ಆದೇಶ ಬಂದ ವರ್ಷವೇ ಮುಳಿ ಹುಲ್ಲು ತೆಗೆದು ಹಂಚು ಹೊದಿಸಿದೆವು.

1998ರಲ್ಲಿ ಕೊಂಕಣ ರೈಲು ಬಂದ ಮೇಲೆ ಬೊಂಬಾಯಿ ಹತ್ತಿರವಾಯಿತು, ಆದರೆ ಹುಡುಗರ ಒಲವು ಬೆಂಗಳೂರಿನ ಕಡೆಗೆ ತಿರುಗಿತ್ತು. ವಠಾರಗಳು ಈಗ ಅಪಾರ್ಟ್‌ಮೆಂಟುಗಳಾಗಿವೆ. ಅಣ್ಣನ ಮಗ ಮೊದಲು ಪೀಜಿಯಲ್ಲಿದ್ದ: ಒಂದು ಕೋಣೆ, ಮೂವರು, ಊಟ ಅಲ್ಲೇ. ಮದುವೆಯಾಯಿತು, ಮನೆ ಬೇಕಾಯಿತು. ಬೆಂಗಳೂರಿನ ರೂಢಿಯಂತೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರಂತೆ. ಹುಡುಗನ ಸಂಬಳ ದೊಡ್ಡದೇ, ಆದರೂ ಅಷ್ಟು ಗಂಟು ಒಮ್ಮೆಲೇ ಇರಲಿಲ್ಲ. ಅತ್ತಿಗೆ ಕುಂದಾಪುರದ ಸೊಸೈಟಿಯಲ್ಲಿ ಬಳೆ ಅಡವಿಟ್ಟು ಕಳಿಸಿದರು. ಬಡ್ಡಿ ಅಣ್ಣನ ಪಿಂಚಣಿಯಿಂದ ಹೋಗುತ್ತಿದೆ.