ಕುರ್ದ್ ರಾಷ್ಟ್ರೀಯತೆ: ಗಡಿಯ ಕನಸಿನಿಂದ ಪ್ರಜಾಪ್ರಭುತ್ವದ ಪರೀಕ್ಷೆಗೆ

ತುರ್ಕಿ, ಇರಾನ್, ಇರಾಕ್, ಸಿರಿಯಾ ದೇಶಗಳ ಗಡಿಗಳು ಕೂಡುವ ಬೆಟ್ಟನಾಡು ಕುರ್ದರ ತವರು. ಅವರ ಸಂಖ್ಯೆ 3ರಿಂದ 4 ಕೋಟಿ ಎಂಬುದು ಸಾಮಾನ್ಯ ಅಂದಾಜು. ಇಷ್ಟು ದೊಡ್ಡ ಜನಸಮುದಾಯಕ್ಕೆ ಸ್ವಂತ ದೇಶ ಏಕಿಲ್ಲ? ದೊಡ್ಡ ರಾಷ್ಟ್ರಗಳು ಕೊಟ್ಟ ಮಾತಿಗೆ ತಪ್ಪಿದವು ಎಂಬ ಉತ್ತರ ನಿಜವೇ. ಆದರೆ ಒಂದೂವರೆ ಶತಮಾನದ ಈ ಹೋರಾಟವನ್ನು ಹಂತಹಂತವಾಗಿ ನೋಡಿದರೆ ಇನ್ನೊಂದು ಸತ್ಯವೂ ಎದುರಾಗುತ್ತದೆ: ‘ಮೊದಲು ದೇಶ, ಆಮೇಲೆ ಪ್ರಜಾಪ್ರಭುತ್ವ’ ಎಂಬ ಲೆಕ್ಕಾಚಾರ ಕುರ್ದರಿಗೆ ಎರಡನ್ನೂ ತಂದುಕೊಟ್ಟಿಲ್ಲ.

ಶೇಖರ ಕಾಲ

1880ರಲ್ಲಿ ಶೇಖ್ ಉಬೈದುಲ್ಲಾ ಒಟ್ಟೊಮನ್ ನೆಲದಿಂದ ಪರ್ಷಿಯಾದ ಮೇಲೆ ದಂಡೆತ್ತಿ ಹೋದ. ಕುರ್ದರು ಬೇರೆಯೇ ಒಂದು ಜನ ಎಂಬ ವಾದವನ್ನು ಅವನು ಮುಂದಿಟ್ಟಿದ್ದ. 1898ರಲ್ಲಿ ಬದಿರ್‌ಖಾನ್ ಮನೆತನದವರು ಕೈರೋದಲ್ಲಿ ‘ಕುರ್ದಿಸ್ತಾನ್’ ಪತ್ರಿಕೆ ಆರಂಭಿಸಿದರು. ಕುರ್ದ್ ಪತ್ರಿಕೋದ್ಯಮದ ಮೊದಲ ಹೆಜ್ಜೆ ಅದು. ಆಗಿನ ನಾಯಕರೆಲ್ಲ ಧರ್ಮಗುರುಗಳು, ಬುಡಕಟ್ಟಿನ ಮುಖಂಡರು, ಹಳೆಯ ಅರಸು ಮನೆತನದವರು. ಜನರ ನಿಷ್ಠೆ ರಾಷ್ಟ್ರಕ್ಕಿಂತ ಹೆಚ್ಚಾಗಿ ಶೇಖ್ (ಧರ್ಮಗುರು) ಮತ್ತು ಆಗಾ (ಬುಡಕಟ್ಟಿನ ಮುಖಂಡ)ಗಳ ಕಡೆಗಿತ್ತು.

ಮೊದಲ ಮಹಾಯುದ್ಧದ ನಂತರದ ಸೇವ್ರ್ ಒಪ್ಪಂದ (1920) ಕುರ್ದರಿಗೆ ಸ್ವಾಯತ್ತೆಯನ್ನೂ, ಮುಂದೆ ಸ್ವಾತಂತ್ರ್ಯ ಕೇಳುವ ಅವಕಾಶವನ್ನೂ ಕಾಗದದ ಮೇಲೆ ಕೊಟ್ಟಿತು. ತುರ್ಕಿ ನಾಯಕ ಮುಸ್ತಫಾ ಕೆಮಾಲ್‌ನ ಗೆಲುವಿನ ನಂತರ ಬಂದ ಲೊಸಾನ್ ಒಪ್ಪಂದದಲ್ಲಿ (1923) ಕುರ್ದರ ಹೆಸರೇ ಇರಲಿಲ್ಲ. ಹೊಸ ತುರ್ಕಿ ಗಣರಾಜ್ಯ ಅವರ ಅಸ್ತಿತ್ವವನ್ನೇ ಅಲ್ಲಗಳೆಯಿತು. 1925ರ ಶೇಖ್ ಸಯೀದ್ ದಂಗೆ, ಅದರ ಬೆನ್ನಿಗೇ ಅರರಾತ್ ಬೆಟ್ಟದ ಬಂಡಾಯ, 1937–38ರ ದೆರ್ಸಿಮ್ ಪ್ರತಿರೋಧ ಎಲ್ಲವನ್ನೂ ಸೇನೆ ನೆತ್ತರಿನಲ್ಲಿ ಅದ್ದಿತು.

ಪಕ್ಷಗಳ ಕಾಲ

1946ರ ಜನವರಿ 22ರಂದು ಇರಾನಿನ ಮಹಾಬಾದ್ ಪಟ್ಟಣದಲ್ಲಿ ಖಾಜಿ ಮೊಹಮ್ಮದ್ ಕುರ್ದ್ ಗಣರಾಜ್ಯವನ್ನು ಘೋಷಿಸಿದರು. ಸೋವಿಯತ್ ಪಡೆಗಳು ಹಿಂದಿರುಗಿದ ಮೇಲೆ ಅದು ವರ್ಷ ತುಂಬುವ ಮೊದಲೇ ಕುಸಿಯಿತು. 1947ರ ಮಾರ್ಚ್‌ನಲ್ಲಿ ಖಾಜಿಯವರನ್ನು ಗಲ್ಲಿಗೇರಿಸಲಾಯಿತು. ಆದರೂ ಆ ಅಲ್ಪಾಯುಷಿ ಗಣರಾಜ್ಯ ಹೋರಾಟಕ್ಕೆ ಆಧುನಿಕ ರಾಜಕೀಯ ಪಕ್ಷದ ರೂಪ ಕೊಟ್ಟಿತು.

ಅಲ್ಲಿ ಸೇನಾನಿಯಾಗಿದ್ದ ಮುಲ್ಲಾ ಮುಸ್ತಫಾ ಬರ್ಜಾನಿ 1961ರಲ್ಲಿ ಇರಾಕಿನಲ್ಲಿ ಬಂಡೆದ್ದರು. 1970ರಲ್ಲಿ ಬಾಗ್ದಾದ್ ಸ್ವಾಯತ್ತೆಗೆ ಒಪ್ಪಿತಾದರೂ ಕಿರ್ಕುಕ್ ಯಾರ ಪಾಲು ಎಂಬ ಪ್ರಶ್ನೆ ಬಗೆಹರಿಯಲಿಲ್ಲ. 1975ರಲ್ಲಿ ಇರಾನ್ ಮತ್ತು ಇರಾಕ್ ಅಲ್ಜಿಯರ್ಸ್‌ನಲ್ಲಿ ರಾಜಿಯಾದಾಗ ಇರಾನ್ ಮತ್ತು ಅಮೆರಿಕ ಅದುವರೆಗೆ ಬಂಡುಕೋರರಿಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿದವು, ಬಂಡಾಯ ಮುರಿದುಬಿತ್ತು. 1988ರ ಮಾರ್ಚ್ 16ರಂದು ಕುರ್ದ್ ಪಟ್ಟಣ ಹಲಬ್ಜಾದ ಮೇಲೆ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್‌ನ ವಿಮಾನಗಳು ಸುರಿದ ವಿಷಾನಿಲಕ್ಕೆ ಸುಮಾರು 5,000 ಜನ ಬಲಿಯಾದರು. ಅದೇ ವರ್ಷ ಕುರ್ದರ ವಿರುದ್ಧ ಇರಾಕ್ ನಡೆಸಿದ ಅನ್ಫಾಲ್ ಕಾರ್ಯಾಚರಣೆಯಲ್ಲಿ ಹತರಾದವರು ಕನಿಷ್ಠ 50,000.

ಚಿಂತನೆಯ ಹಾದಿ

ಹೋರಾಟದ ಜೊತೆಗೆ ಅದರ ಅಧ್ಯಯನವೂ ಬೆಳೆಯಿತು. ಕುರ್ದರ ಬಗ್ಗೆ ಬರೆದ ತಪ್ಪಿಗೆ ತುರ್ಕಿಯ ಸಮಾಜಶಾಸ್ತ್ರಜ್ಞ ಇಸ್ಮಾಯಿಲ್ ಬೆಶಿಕ್ಚಿ ಒಟ್ಟು 17 ವರ್ಷ ಸೆರೆಮನೆ ಕಂಡರು. ಶೇಖ್ ಮತ್ತು ಆಗಾಗಳ ಹಿಡಿತ ರಾಷ್ಟ್ರೀಯತೆಯನ್ನು ಹೇಗೆ ರೂಪಿಸಿತು ಎಂಬುದನ್ನು ಡಚ್ ವಿದ್ವಾಂಸ ಮಾರ್ಟಿನ್ ವಾನ್ ಬ್ರೂನೆಸೆನ್ ಬಿಡಿಸಿ ತೋರಿಸಿದರು. 17ನೇ ಶತಮಾನದ ಕವಿ ಅಹ್ಮದ್ ಖಾನಿಯಲ್ಲೇ ರಾಷ್ಟ್ರಪ್ರಜ್ಞೆಯ ಬೀಜವಿದೆ ಎಂಬುದು ಅಮೀರ್ ಹಸನ್‌ಪುರ್ ಅವರ ನಿಲುವು. ಅಬ್ಬಾಸ್ ವಲಿ ಕುರ್ದ್ ರಾಷ್ಟ್ರೀಯತೆಯನ್ನು ಪೂರ್ತಿ ಆಧುನಿಕ ವಿದ್ಯಮಾನವೆಂದರು.

ನಾಯಕರಲ್ಲಿ ಪ್ರಜಾಪ್ರಭುತ್ವವನ್ನು ಮೊದಲ ಸಾಲಿಗೆ ತಂದವರು ಇರಾನಿನ ಅಬ್ದುಲ್ ರಹಮಾನ್ ಗಾಸೆಮ್ಲು. ಇರಾನಿಗೆ ಪ್ರಜಾಪ್ರಭುತ್ವ, ಕುರ್ದಿಸ್ತಾನಕ್ಕೆ ಸ್ವಾಯತ್ತೆ ಎಂಬುದು ಅವರ ಪಕ್ಷದ ಘೋಷಣೆ. 1989ರ ಜುಲೈನಲ್ಲಿ ವಿಯೆನ್ನಾದಲ್ಲಿ ಇರಾನಿನ ಪ್ರತಿನಿಧಿಗಳೊಂದಿಗೆ ಸಂಧಾನಕ್ಕೆ ಕುಳಿತಿದ್ದಾಗಲೇ ಅವರ ಹತ್ಯೆಯಾಯಿತು.

ತುರ್ಕಿಯಲ್ಲಿ 1978ರಲ್ಲಿ ಅಬ್ದುಲ್ಲಾ ಓಜಲಾನ್ ಕಟ್ಟಿದ ಪಿಕೆಕೆ (ಕುರ್ದಿಸ್ತಾನ್ ಕಾರ್ಮಿಕರ ಪಕ್ಷ) 1984ರಿಂದ ಶಸ್ತ್ರ ಹಿಡಿಯಿತು. ಸುಮಾರು 40,000 ಜೀವಗಳನ್ನು ತೆಗೆದುಕೊಂಡ ಆ ಸಂಘರ್ಷದಲ್ಲಿ ಸೇನೆ ಸಾವಿರಾರು ಹಳ್ಳಿಗಳನ್ನು ಬರಿದು ಮಾಡಿತು; ಪಿಕೆಕೆ ಕೂಡ ತನ್ನೊಳಗಿನ ಭಿನ್ನಮತವನ್ನು ಸಹಿಸಲಿಲ್ಲ. 1999ರಲ್ಲಿ ಸೆರೆಸಿಕ್ಕ ಓಜಲಾನ್ ಜೈಲಿನಲ್ಲಿ ಅಮೆರಿಕನ್ ಚಿಂತಕ ಮರ್ರೆ ಬುಕ್‌ಚಿನ್‌ನನ್ನು ಓದಿ, ಪ್ರತ್ಯೇಕ ರಾಷ್ಟ್ರದ ಗುರಿ ಬಿಟ್ಟು, ಸ್ಥಳೀಯ ಸಭೆಗಳು ಮತ್ತು ಮಹಿಳಾ ಸಮಾನತೆಯನ್ನು ಆಧರಿಸಿದ ‘ಪ್ರಜಾಸತ್ತಾತ್ಮಕ ಒಕ್ಕೂಟ’ದ ಕಲ್ಪನೆ ಮುಂದಿಟ್ಟರು.

ಅಧಿಕಾರ ಕೈಗೆ ಬಂದಾಗ

1991ರ ಕೊಲ್ಲಿ ಯುದ್ಧದ ಬಳಿಕ ಇರಾಕಿನ ಕುರ್ದರಿಗೆ ರಕ್ಷಿತ ನೆಲ ದೊರೆಯಿತು. 1992ರಲ್ಲಿ ಅವರು ತಮ್ಮ ಸಂಸತ್ತನ್ನು ಆರಿಸಿಕೊಂಡರು. ಎರಡೇ ವರ್ಷದಲ್ಲಿ ಮುಲ್ಲಾ ಮುಸ್ತಫಾ ಅವರ ಮಗ ಮಸೂದ್ ಬರ್ಜಾನಿಯವರ ಬಣವೂ ಜಲಾಲ್ ತಾಲಬಾನಿ ಬಣವೂ ಅಂತರ್ಯುದ್ಧಕ್ಕಿಳಿದವು. 1996ರಲ್ಲಿ ಎದುರಾಳಿಯನ್ನು ಹೊರಗಟ್ಟಲು ಮಸೂದ್ ಬರ್ಜಾನಿ ಸದ್ದಾಂನ ಸೇನೆಯನ್ನೇ ಕುರ್ದ್ ರಾಜಧಾನಿ ಎರ್ಬಿಲ್‌ಗೆ ಕರೆಸಿದರು. ಹಲಬ್ಜಾದ ನೋವು ಇನ್ನೂ ಹಸಿಯಾಗಿದ್ದ ಕಾಲವದು.

2005ರ ಇರಾಕಿ ಸಂವಿಧಾನ ಕುರ್ದಿಸ್ತಾನವನ್ನು ದೇಶದ ಒಕ್ಕೂಟದ ಘಟಕವೆಂದು ಮಾನ್ಯಮಾಡಿತು. ತಾಲಬಾನಿ ದೇಶದ ಅಧ್ಯಕ್ಷರಾದರು. ಆದರೆ 2015ರಲ್ಲಿ ಕುರ್ದಿಸ್ತಾನದ ಅಧ್ಯಕ್ಷರಾಗಿದ್ದ ಮಸೂದ್ ಬರ್ಜಾನಿಯವರ ವಿಸ್ತರಿತ ಅಧ್ಯಕ್ಷಾವಧಿಯ ವಿವಾದ ಎದ್ದಾಗ ಕುರ್ದ್ ಸಂಸತ್ತಿನ ಸಭಾಧ್ಯಕ್ಷರನ್ನು ಎರ್ಬಿಲ್‌ಗೆ ಬಿಡಲಿಲ್ಲ. ಸುಮಾರು ಎರಡು ವರ್ಷ ಸಂಸತ್ತು ಸೇರಲೇ ಇಲ್ಲ. ಹಾಗಿದ್ದೂ 2017ರ ಸೆಪ್ಟೆಂಬರ್ 25ರಂದು ಸ್ವಾತಂತ್ರ್ಯಕ್ಕಾಗಿ ಜನಮತಗಣನೆ ನಡೆಯಿತು. ಶೇ 92ಕ್ಕೂ ಹೆಚ್ಚು ಮತಗಳು ಪರವಾಗಿ ಬಿದ್ದವು. ಬಾಗ್ದಾದ್, ಅಂಕಾರಾ, ಟೆಹರಾನ್ ವಿರೋಧಿಸಿದವು; ಅಮೆರಿಕವೂ ಬೆಂಬಲಿಸಲಿಲ್ಲ. ತಿಂಗಳೊಳಗೆ ಇರಾಕಿ ಸೇನೆ ಕಿರ್ಕುಕ್‌ಗೆ ನುಗ್ಗಿದಾಗ ಒಂದು ಬಣದ ಪಡೆಗಳು ಹಿಂದೆ ಸರಿದವು. ಜನರ ಮತ ಒಂದಾಗಿತ್ತು, ಬಂದೂಕುಗಳು ಪಕ್ಷಗಳ ಪಾಲಾಗಿಯೇ ಉಳಿದಿದ್ದವು.

ಸಿರಿಯಾದಲ್ಲಿ 2012ರ ನಂತರ ಕುರ್ದರು ಓಜಲಾನ್ ಕಲ್ಪನೆಯನ್ನು ಆಡಳಿತಕ್ಕೆ ತಂದರು. ಮುಖ್ಯ ಹುದ್ದೆಗಳಲ್ಲಿ ಪುರುಷನ ಜೊತೆ ಮಹಿಳೆಗೆ ಸಹ-ಅಧ್ಯಕ್ಷತೆ ಎಂಬ ಪದ್ಧತಿ ಜಗತ್ತಿನ ಗಮನ ಸೆಳೆಯಿತು. ಗಡಿಪಟ್ಟಣ ಕೊಬಾನಿಯಲ್ಲಿ ಭಯೋತ್ಪಾದಕ ಸಂಘಟನೆ ಐಸಿಸ್ ಅವರೆದುರು ಸೋತಿತು. ಆದರೆ ಎದುರು ಪಕ್ಷಗಳ ಮೇಲಿನ ದಬ್ಬಾಳಿಕೆಯ ದೂರುಗಳು ಅಲ್ಲೂ ತಪ್ಪಲಿಲ್ಲ.

ಮುಂದಿನ ದಾರಿ

2025ರ ಫೆಬ್ರುವರಿಯಲ್ಲಿ ಓಜಲಾನ್ ಕೊಟ್ಟ ಕರೆಗೆ ಓಗೊಟ್ಟು ಮೇ ತಿಂಗಳಲ್ಲಿ ಪಿಕೆಕೆ ತನ್ನ ವಿಸರ್ಜನೆಯನ್ನು ಘೋಷಿಸಿತು. ಇನ್ನು ಉತ್ತರ ಹೇಳಬೇಕಾದದ್ದು ತುರ್ಕಿ. ಕುರ್ದ್ ಪಟ್ಟಣಗಳಲ್ಲಿ ಜನ ಆರಿಸಿದ ಮೇಯರ್‌ಗಳನ್ನು ಕಿತ್ತುಹಾಕಿ ಸರ್ಕಾರಿ ಆಡಳಿತಾಧಿಕಾರಿಗಳನ್ನು ಕೂರಿಸುವ, ತಾಯ್ನುಡಿಯ ಶಿಕ್ಷಣವನ್ನು ತಡೆಯುವ ದೇಶ ಬಂದೂಕು ಬಿಟ್ಟವರಿಗೆ ಮತಪೆಟ್ಟಿಗೆಯ ಮೇಲೆ ನಂಬಿಕೆ ಹುಟ್ಟಿಸಲಾರದು.

ಹೊಣೆ ಕುರ್ದ್ ನಾಯಕರ ಮೇಲೂ ಇದೆ. ಸ್ವಂತ ದೇಶ ಕೇಳುವ ಹಕ್ಕು ಅವರಿಗಿದೆ, ಅದನ್ನು ಯಾವ ಒಪ್ಪಂದವೂ ಅಳಿಸಲಾರದು. ಆದರೆ ಆ ಹಕ್ಕಿಗೆ ಬಲ ಬರುವುದು ಅವರ ಸಂಸತ್ತು ತಪ್ಪದೆ ಸೇರಿದಾಗ, ಸೇನೆ ಪಕ್ಷದ ಹಿಡಿತದಿಂದ ಹೊರಬಂದಾಗ, ವಿರೋಧಿಗೂ ನಿರ್ಭಯವಾಗಿ ಮಾತಾಡಲು ಆದಾಗ. ಪ್ರಜಾಪ್ರಭುತ್ವವನ್ನು ಸ್ವಾತಂತ್ರ್ಯದ ನಂತರಕ್ಕೆ ಮುಂದೂಡಿದ ಚಳವಳಿ ಸ್ವಾತಂತ್ರ್ಯವನ್ನೂ ಮುಂದೂಡಿಕೊಳ್ಳುತ್ತದೆ.